ಗೇಜ್ ಗ್ಲಾಸ್ ತೋರಿಸುವ ಮಟ್ಟ ನಂಬುವ ಮುನ್ನ

ಪ್ರತಿ ಪಾಳಿಯ ಆರಂಭದಲ್ಲೇ ಬಾಯ್ಲರ್‌ನ ಗೇಜ್ ಗ್ಲಾಸ್ (ಒಳಗಿನ ನೀರಿನ ಮಟ್ಟ ತೋರಿಸುವ ಗಾಜು) ಪರೀಕ್ಷಿಸಿ. ಗ್ಲಾಸ್‌ನ ಎದುರಿಗಲ್ಲ, ಪಕ್ಕಕ್ಕೆ ನಿಲ್ಲಿ. ಗ್ಲಾಸ್‌ಗೆ ಆವಿ ಬಿಡುವ ಸ್ಟೀಮ್ ಕಾಕ್, ನೀರು ಬಿಡುವ ವಾಟರ್ ಕಾಕ್ ಎರಡನ್ನೂ ಮುಚ್ಚಿ, ಗ್ಲಾಸ್ ಖಾಲಿ ಮಾಡುವ ಡ್ರೇನ್ ತೆರೆಯಿರಿ. ಹರಿವು ನಿಲ್ಲದಿದ್ದರೆ ಯಾವುದೋ ಕಾಕ್ ಸೋರುತ್ತಿದೆ. ಬಳಿಕ ವಾಟರ್ ಕಾಕ್ ಮಾತ್ರ ತೆರೆದು ಮುಚ್ಚಿ, ಆಮೇಲೆ ಸ್ಟೀಮ್ ಕಾಕ್. ಎರಡೂ ಸಲ ರಭಸವಾಗಿ ಚಿಮ್ಮಬೇಕು. ನೀರು ಸಣ್ಣಗೆ ಬಂದರೆ ದಾರಿಯಲ್ಲಿ ಕೆಸರು ಕಟ್ಟಿದೆ. ಅಂಥ ಗ್ಲಾಸ್‌ನಲ್ಲಿ ಅಲುಗಾಡದೆ ನಿಂತ ಮಟ್ಟ ನೋಡಲು ಚೆಂದ, ಆದರೆ ಸುಳ್ಳು. ಕೊನೆಗೆ ಡ್ರೇನ್ ಮುಚ್ಚಿ, ವಾಟರ್ ಕಾಕ್, ನಂತರ ಸ್ಟೀಮ್ ಕಾಕ್ ನಿಧಾನವಾಗಿ ತೆರೆಯಿರಿ.

ಮಟ್ಟ ಗ್ಲಾಸ್‌ನ ಕೆಳಗಿಳಿದು ಕಾಣದಾದರೆ ಮೊದಲು ಬೆಂಕಿ ನಿಲ್ಲಿಸಿ. ಗಾಬರಿಯಲ್ಲಿ ನೀರು ಬಿಡಬೇಡಿ. ಬಾಯ್ಲರ್‌ಗೆ ನೀರು ತುಂಬುವ ಫೀಡ್ ಪಂಪ್ ಓಡುತ್ತಿದ್ದರೆ ಅದನ್ನೂ ನಿಲ್ಲಿಸಿ. ಮಿತಿಮೀರಿ ಕಾದ ಬಾಯ್ಲರ್ ಟ್ಯೂಬಿಗೆ ನೀರು ತಾಗಿದರೆ ಕ್ಷಣದಲ್ಲೇ ಆವಿಯಾಗಿ ಒತ್ತಡ ಜಿಗಿಯುತ್ತದೆ, ಲೋಹ ಬಿರಿಯಬಹುದು. ಬಾಯ್ಲರ್ ತಾನಾಗಿ ತಣಿದ ಮೇಲೆ ಒಳಗಿನ ತಪಾಸಣೆ ಆಗಲೇಬೇಕು.