ಬಾಗಲಾ ತಗದ ಇತ್ತು, ‘ಮನ್ಯಾಗ ಯಾರೂ ಇಲ್ಲ’ ಅಂತ ಬರದ್ರು

ನಮ್ಮದು ಧಾರವಾಡ ಹೊಸಯಲ್ಲಾಪುರ. ಮನ್ಯಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರ್ತೀವಿ, ನಾನು, ನಮ್ಮ ಅತ್ತಿ, ಮತ್ತ ಓಣಿಯ ಇಬ್ಬರು ಅಕ್ಕಾರು. ಮುಂಜಾನೆ ಐದೂವರಿಗೆ ಒಲಿ ಹಚ್ಚಿದ್ರ ಸಂಜಿ ನಾಕರ ತನಕ ರೊಟ್ಟಿ ಬಡಿಯೋ ಸಪ್ಪಳ ನಿಲ್ಲಂಗಿಲ್ಲ, ಹೊಗಿ ಹೊರಗ ಹೋಗ್ಬೇಕು ಅಂತ ಬಾಗಲಾ ಇಡೀ ದಿನ ತಗದ ಇರ್ತೈತಿ. ಇದನ್ನ ಮೊದಲ ಯಾಕ ಹೇಳಾಕತ್ತೀನಿ ಅಂದ್ರ, ನಂಗಾದ ತ್ರಾಸೆಲ್ಲಾ ‘ಮನ್ಯಾಗ ಯಾರೂ ಇರಲಿಲ್ಲ’ ಅನ್ನೋ ಒಂದು ಸಾಲಿನಿಂದ ಬಂದದ್ದು.

ಖಡಕ್ ರೊಟ್ಟಿಗೆ ಹಸಿ ಗಾಳಿ ತಾಗಬಾರ್ದು. ಪಾಕೀಟು ಒಂದು ಕಡೆ ಸಣ್ಣಂಗ ಬಿಟ್ಕೊಂಡಿದ್ರೂ ಎರಡು ದಿನದಾಗ ರೊಟ್ಟಿ ಮೆತ್ತಗಾಗ್ತಾವು, ಪುಣೆಗೋ ಬೆಂಗಳೂರಿಗೋ ಕಳಿಸಿದ ಮಾಲು ವಾಪಸ್ ಬರ್ತೈತಿ. ನಮ್ಮ ಹತ್ರ ಇದ್ದದ್ದು ಕೈಲೆ ಒತ್ತೋ ಸಣ್ಣ ಸೀಲಿಂಗ್ ಮಷಿನ್, ಒಂದೊಂದ ಪಾಕೀಟು ಇಟ್ಟು ಒತ್ತಿ ಹಿಡಿದು ತಗೀಬೇಕು, ದೀಪಾವಳಿ ಆರ್ಡರ್ ಬಂದ್ರ ಅದ್ರಾಗ ಮುಗಿಯಂಗಿಲ್ಲ. ಅದಕ್ಕ 2025ರ ಸೆಪ್ಟೆಂಬರ್ 23ಕ್ಕ, ದಸರಾ ಸೇಲ್ ನಡದಿತ್ತು, ಒಂದು ದೊಡ್ಡ ಆ್ಯಪ್‌ನ್ಯಾಗ ಬ್ಯಾಂಡ್ ಸೀಲರ್ ಆರ್ಡರ್ ಮಾಡಿದ್ನಿ. ಬೆಲ್ಟ್ ಮ್ಯಾಲ ಪಾಕೀಟು ಇಟ್ರ ತಾನ ಎಳಕೊಂಡು ಸೀಲ್ ಮಾಡ್ತೈತಿ, ಆ ಮಷಿನ್. 11,800 ರೂಪಾಯಿ, ಪೂರಾ ಯುಪಿಐದಾಗ ಮೊದಲ ಕಟ್ಟಿದ್ನಿ. ತೂಕ ಸುಮಾರು 25 ಕೇಜಿ. ಈ ತೂಕ ನೆನಪಿಟ್ಕೋರಿ.

ಹುಬ್ಬಳ್ಳಿ ಹಬ್‌ಗೆ, ಅಂದ್ರ ಕೊರಿಯರ್‌ದವರು ಮಾಲು ಇಳಿಸಿ ಹಂಚೋ ಗೋಡೌನ್‌ಗೆ, ಐದು ದಿನದಾಗ ಬಂತು. ಹುಬ್ಬಳ್ಳಿಗೂ ನಮ್ಮ ಧಾರವಾಡಕ್ಕೂ 20 ಕಿಲೋಮೀಟರ್ ಅಷ್ಟ, ನಾಳೆ ಬರ್ತೈತಿ ಅಂತ ನಮ್ಮ ಅತ್ತಿ ಮಷಿನ್ ಇಡಾಕ ಕಟ್ಟಿ ಸ್ವಚ್ಛ ಮಾಡಿ ಇಟ್ರು. ಮರುದಿನ ಟ್ರ್ಯಾಕಿಂಗ್ ನೋಡಿದ್ರ ಪಾರ್ಸಲ್ ಯಲ್ಲಾಪುರದಾಗ ಐತಿ. ಉತ್ತರ ಕನ್ನಡ ಜಿಲ್ಲಾದ ಯಲ್ಲಾಪುರ, ಘಟ್ಟದ ಕಡೆ! ನಾ ಅಡ್ರೆಸ್‌ನ್ಯಾಗ ಹೊಸ ಅನ್ನೋದು ಬ್ಯಾರೆ, ಯಲ್ಲಾಪುರ ಅನ್ನೋದು ಬ್ಯಾರೆ ಮಾಡಿ ಇಂಗ್ಲಿಷ್‌ನ್ಯಾಗ ಬಿಡಿಸಿ ಬರದಿದ್ನಿ, ಕೈಲೆ ಮಾಲು ಬ್ಯಾರೆ ಮಾಡೋರು ಊರಿನ ಹೆಸರು ಒಂದ ನೋಡಿ ಆ ಗಾಡಿಗೆ ಹಾಕಿರ್ಬೇಕು. ಪಿನ್ ಕೋಡ್ ನೋಡಿದ್ರ ಈ ತಪ್ಪು ಆಗ್ತಿರಲಿಲ್ಲ. 1972ರ ಆಗಸ್ಟ್ 15ಕ್ಕ ಪಿನ್ ಕೋಡ್ ತಂದದ್ದ ಇಂಥಾ ಒಂದ ಹೆಸರಿನ ಊರುಗಳ ಗೊಂದಲಕ್ಕ. ಮೊದಲ ಮೂರು ಅಂಕಿ ಯಾವ ಸಾರ್ಟಿಂಗ್ ಜಿಲ್ಲೆ (ಟಪಾಲು ವಿಂಗಡಿಸೋ ಭಾಗ) ಅಂತ ಹೇಳ್ತಾವು, ಕೊನಿ ಮೂರು ಯಾವ ಪೋಸ್ಟ್ ಆಫೀಸ್ ಅಂತ. ಹುಬ್ಬಳ್ಳಿ-ಧಾರವಾಡಕ್ಕ 580, ಆ ಯಲ್ಲಾಪುರಕ್ಕ 581. ನಾ ಕೊಟ್ಟ ಅಡ್ರೆಸ್‌ನ್ಯಾಗ 580 ಅಂತ ಇತ್ತು.

ಹೋಗ್ಲಿ, ತಪ್ಪು ಎಲ್ಲಾರ ಕಡಿಂದ ಆಗ್ತಾವು, ಅಕ್ಟೋಬರ್ 1ಕ್ಕ ವಾಪಸ್ ಹುಬ್ಬಳ್ಳಿಗೆ ಬಂತು. 2ಕ್ಕ ಗಾಂಧಿ ಜಯಂತಿ, ವಿಜಯದಶಮಿ ಎರಡೂ ಒಂದ ದಿನ, ರಜಾ. ಬನ್ನಿ ಹಬ್ಬ ಮುಗಿಸಿ 3ಕ್ಕ ಕಾಯ್ಕೋತ ಕುಂತ್ವಿ. ಸಂಜಿ 6:40ಕ್ಕ ಮೆಸೇಜ್: ಡೆಲಿವರಿಗೆ ಬಂದಿದ್ವಿ, ಗ್ರಾಹಕರು ಮನ್ಯಾಗ ಇರಲಿಲ್ಲ. ನಾಕು ಮಂದಿ ಹೆಣ್ಮಕ್ಕಳು ಅವತ್ತ ಇಡೀ ದಿನ ಬಾಗಲಾದಾಗ ಕುಂತಿದ್ವಿ. ಯಾರೂ ಬಂದಿಲ್ಲ, ಒಂದು ಫೋನೂ ಬಂದಿಲ್ಲ. 4ಕ್ಕ ಮತ್ತ ಅದ ಸಾಲು. ನಡುವ ಐತವಾರ ಬಿಟ್ಟು 6ಕ್ಕ ಮತ್ತ ಅದ.

ಇಲ್ಲಿ ನಾ ಮಾಡಿದ್ದು ಒಂದ ಕೆಲಸ, ಅದ ಕಡಿ ತನಕ ನನ್ನ ಕೈ ಹಿಡೀತು. ಮೊದಲ ದಿನ ಸಿಟ್ಟಿನ್ಯಾಗ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದ್ನಿ, ಇಪ್ಪತ್ತು ನಿಮಿಷ ಹಾಡು ಕೇಳಿಸಿ, ‘ನಾಳೆ ಖಂಡಿತ ಬರ್ತೈತಿ ಮೇಡಂ’ ಅಂದು ಇಟ್ರು. ಫೋನಿನ್ಯಾಗ ಆಡಿದ್ದು ನನ್ನ ಹತ್ರ ಏನೂ ಉಳೀಲಿಲ್ಲ. ಅವತ್ತ ರಾತ್ರಿ ಮಲ್ಕೊಂಡಾಗ ಹೊಳೀತು, ಅವರ ಕಡೆ ‘ಮನ್ಯಾಗ ಇಲ್ಲ’ ಅಂತ ಬರಹದಾಗ ಐತಿ, ನನ್ನ ಕಡೆ ಬರೇ ಬಾಯಿಮಾತು. ಮೂರು ಸಲ ಹಿಂಗ ಬರದ್ರ ಅದು ಅವರ ಲೆಕ್ಕದಾಗ ಖರೇ ಆಗಿಬಿಡ್ತೈತಿ. ಹಂಗಾಗಿ ಮರುದಿನದಿಂದ ಮೆಸೇಜ್ ಬಂದ ಹತ್ತು ನಿಮಿಷದಾಗ ಮೂರು ಕೆಲಸ: ಟ್ರ್ಯಾಕಿಂಗ್ ಸಾಲಿನ ಸ್ಕ್ರೀನ್‌ಶಾಟ್, ಮ್ಯಾಲ ಟೈಮ್ ಕಾಣೂಹಂಗ, ಆ ದಿನದ ಕಾಲ್ ಲಿಸ್ಟಿನ ಸ್ಕ್ರೀನ್‌ಶಾಟ್, ಅವರ ನಂಬರ್ ಇಲ್ಲ ಅಂತ ತಿಳೀಲಿ ಅಂತ, ಮತ್ತ ಆ್ಯಪ್‌ನ ಚಾಟ್‌ದಾಗ ನಂದೊಂದು ಸಾಲು, ‘ಇವತ್ತ ಬೆಳಿಗ್ಗೆ ಇಂಥಾ ಟೈಮಿಂದ ಸಂಜಿ ತನಕ ಮನ್ಯಾಗ ಇದ್ವಿ, ಯಾರೂ ಬಂದಿಲ್ಲ, ಕಾಲ್ ಬಂದಿಲ್ಲ’. 3ನೇ ತಾರೀಖಿಂದೂ ಮರುದಿನ ಮುಂಜಾನೆ ಬರದು ಹಾಕಿದ್ನಿ. ಚಾಟ್‌ದಾಗ ಅವರು ಕೊಟ್ಟ ಟಿಕೆಟ್ ನಂಬರ್ ರೊಟ್ಟಿ ಲೆಕ್ಕದ ನೋಟ್‌ಬುಕ್ಕಿನ್ಯಾಗ ಬರದಿಟ್ನಿ. ಅವತ್ತಂದು ಅವತ್ತ ಬರೀಬೇಕು, ವಾರ ಆದಮ್ಯಾಲ ಬರದ್ರ ಅದಕ್ಕ ತೂಕ ಇರಂಗಿಲ್ಲ.

7ಕ್ಕ ಹೊಸಾ ಸಾಲು ಬಂತು: ‘ಗ್ರಾಹಕರು ನಿರಾಕರಿಸಿದ್ದಾರೆ’. ಮಾಲು ಕಳಿಸಿದವರಿಗೆ ವಾಪಸ್. ಕೊರಿಯರ್ ಮಂದಿ ಇದಕ್ಕ ಆರ್‌ಟಿಒ ಅಂತಾರ, ರಿಟರ್ನ್ ಟು ಒರಿಜಿನ್. ನನ್ನ ಹೆಸರಿಲೆ ನಾ ಆಡದ ಮಾತು ಬರದಾರಲ್ಲ ಅಂತ ಕಣ್ಣಾಗ ನೀರ ಬಂತು.

ಮರುದಿನ ಜುಬಿಲಿ ಸರ್ಕಲ್‌ನ್ಯಾಗ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದ್ನಿ, ಆಟೋ ಹಿಡಿದು ಹಬ್ ಹುಡುಕಿದ್ನಿ. ಒಳಗ ಬಿಡಲಿಲ್ಲ. ಗೇಟಿನ್ಯಾಗ ನಿಂತ ಕಾಣ್ತಿತ್ತು, ನನ್ನ ಡಬ್ಬಿ ವಾಪಸ್ ಹೋಗೋ ಮಾಲಿನ ಸಾಲಿನ್ಯಾಗ ಇತ್ತು. ‘ಸಿಸ್ಟಮ್‌ದಾಗ ಆರ್‌ಟಿಒ ಬಿದ್ದೈತ್ರಿ ಅಕ್ಕಾರ, ಈಗ ಕೊಡಾಕ ಬರಂಗಿಲ್ಲ’ ಅಂದ್ರು. ಹತ್ತು ಹೆಜ್ಜಿ ದೂರದಾಗ ನನ್ನ ಮಷಿನ್, ಕೈಯಾಗ ಆಧಾರ್, ಫೋನಿನ್ಯಾಗ ಬಿಲ್, ಆದ್ರೂ ಕೊಡಂಗಿಲ್ಲ.

ಅಲ್ಲೇ ಚಾ ಅಂಗಡಿ ಹತ್ರ ನಮ್ಮ ಕಡೆ ಬರೋ ಡೆಲಿವರಿ ಹುಡುಗ ಸಿಕ್ಕ. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ನಾ ಬೈಲಿಲ್ಲ, ಯಾಕಪ್ಪಾ ತಮ್ಮಾ ಹಿಂಗ ಮಾಡಿದಿ ಅಂತ ಕೇಳಿದ್ನಿ. ಅಂವ ಹೇಳಿದ್ದು ಕೇಳಿ ನಂಗ ಅರ್ಧ ಸಿಟ್ಟು ಇಳೀತು. ‘ಅಕ್ಕಾರ, ನನ್ನ ಹತ್ರ ಬೈಕ್ ಐತಿ. ಬೆನ್ನಿಗೆ ಒಂದು ಚೀಲ, ಮುಂದೊಂದು ಚೀಲ, ಅದ್ರಾಗ 25 ಕೇಜಿ ಡಬ್ಬಿ ಎಲ್ಲಿ ಇಡ್ಲಿ? ದೊಡ್ಡ ಮಾಲಿಗೆ ವ್ಯಾನ್ ಹೋಗ್ಬೇಕು, ವ್ಯಾನ್ ತುಂಬೋತನಕ ಹೋಗಂಗಿಲ್ಲ. ಆದ್ರ ಆ ಡಬ್ಬಿ ನನ್ನ ಲಿಸ್ಟಿನ್ಯಾಗ ಬೀಳ್ತೈತಿ, ಸಂಜಿಕ ಒಂದು ಕಾರಣ ಒತ್ತದ ಲಿಸ್ಟ್ ಮುಚ್ಚಂಗಿಲ್ಲ. ಅಲ್ಲಿರೋ ಕಾರಣದಾಗ ಬೈಕಿಗೆ ಹಿಡಿಸಂಗಿಲ್ಲ ಅನ್ನೋದು ಇಲ್ಲ.’ ಅಂವಗ ದುಡ್ಡು ಸಿಗೋದು ಕೊಟ್ಟ ಪಾರ್ಸಲ್ ಲೆಕ್ಕದ ಮ್ಯಾಲ, ಪೆಟ್ರೋಲ್ ಅಂವಂದ. ಸುಳ್ಳು ಒತ್ತಿದ್ದು ತಪ್ಪಲ್ಲ ಅಂತ ನಾ ಅನ್ನಂಗಿಲ್ಲ, ನಂಗ ನಷ್ಟ ಆಗೈತಿ. ಆದ್ರ ಆ ಸುಳ್ಳನ್ನ ಅಲ್ಲಿ ಇಟ್ಟವರು ಅಂವನ ಮ್ಯಾಲಿನವರು. ನನ್ನ ದೂರಿನ್ಯಾಗ ಎಲ್ಲೂ ಆ ಹುಡುಗನ ಹೆಸರು ಬರೀಲಿಲ್ಲ.

ಮನಿಗೆ ಬಂದು 9ಕ್ಕ ಆ್ಯಪ್‌ನ ಗ್ರೀವನ್ಸ್ ಆಫೀಸರ್‌ಗೆ, ಅಂದ್ರ ದೂರು ಕೇಳೋ ಅಧಿಕಾರಿಗೆ, ಮೇಲ್ ಹಾಕಿದ್ನಿ, ನಾ ಹೇಳಿದ್ದನ್ನ ಮಗಳು ಇಂಗ್ಲಿಷ್‌ನ್ಯಾಗ ಟೈಪ್ ಮಾಡಿದ್ಲು. ಬಾಳ ಮಂದಿಗೆ ಈ ಅಧಿಕಾರಿ ಇರೋದ ಗೊತ್ತಿಲ್ಲ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಪ್ರತಿ ಆನ್‌ಲೈನ್ ಅಂಗಡಿಯವರು ಈ ಅಧಿಕಾರಿ ಹೆಸರು, ಸಂಪರ್ಕ ತಮ್ಮ ಸೈಟಿನ್ಯಾಗ ಹಾಕಬೇಕು, ದೂರು ಮುಟ್ಟೈತಿ ಅಂತ 48 ತಾಸಿನ್ಯಾಗ ತಿಳಿಸ್ಬೇಕು, ಒಂದು ತಿಂಗಳಾಗ ಬಗಿಹರಿಸ್ಬೇಕು. ಆ್ಯಪ್‌ನ ತಳಕ್ಕ ಸಣ್ಣ ಅಕ್ಷರದಾಗ ಇರ್ತೈತಿ, ಹುಡುಕ್ರಿ. ಮೇಲ್‌ನ್ಯಾಗ ಗೋಳು ಬರೀಲಿಲ್ಲ, ಕೇಳಿದ್ದು ಇಷ್ಟ: 3, 4, 6, 7ನೇ ತಾರೀಖಿಗೆ ನಿಮ್ಮವರು ನಮ್ಮ ಮನಿಗೆ ಬಂದದ್ದಕ್ಕ ಜಿಪಿಎಸ್ ಲೊಕೇಶನ್ ಕೊಡ್ರಿ, ನಂಗ ಹಚ್ಚಿದ ಫೋನಿನ ದಾಖಲೆ ಕೊಡ್ರಿ, ನಾ ಬ್ಯಾಡ ಅಂದದ್ದಕ್ಕ ಪುರಾವೆ ಕೊಡ್ರಿ, ಇಲ್ಲಾಂದ್ರ ಪೂರಾ 11,800 ವಾಪಸ್ ಕೊಡ್ರಿ. ಸ್ಕ್ರೀನ್‌ಶಾಟ್ ಎಲ್ಲಾ ತಾರೀಖಿನ ಪ್ರಕಾರ ಜೋಡಿಸಿ ಹಚ್ಚಿದ್ನಿ.

11ಕ್ಕ ಉತ್ತರ ಬಂತು. ಗ್ರಾಹಕರು ನಿರಾಕರಿಸಿದ್ದರಿಂದ ವಾಪಸ್ ಸಾಗಾಣಿಕಿ 1,340 ರೂಪಾಯಿ ಹಿಡ್ಕೊಂಡು ಉಳಿದದ್ದು ಕೊಡ್ತೀವಿ ಅಂದ್ರು. ಮತ್ತ ಒಂದು ಮಾತು ಸೇರಿಸಿದ್ರು, ನೀವು ವ್ಯಾಪಾರಕ್ಕ ತಗೊಂಡೀರಿ, ಗ್ರಾಹಕರ ಕಾಯ್ದೆ ನಿಮಗ ಹತ್ತಂಗಿಲ್ಲ ಅಂತ. ಒಂದು ಕ್ಷಣ ಕೈಕಾಲು ತಣ್ಣಗಾದ್ವು ನೋಡ್ರಿ, ಯಾಕಂದ್ರ ವ್ಯಾಪಾರಕ್ಕ ತಗೊಂಡದ್ದು ಖರೇನ. ಆಮ್ಯಾಲ ಕಾಯ್ದೆ ತಗದು ಓದಿದ್ನಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆದಾಗ ಗ್ರಾಹಕ ಅಂದ್ರ ಯಾರು ಅಂತ ಹೇಳೋ 2(7)ನೇ ಕಲಮಿಗೆ ಒಂದು ವಿವರಣೆ ಐತಿ: ಸ್ವಂತ ದುಡಿಮಿಲೆ ಹೊಟ್ಟಿ ಹೊರಕೊಳ್ಳಾಕ ಅಂತ ಮಾತ್ರ ತಗೊಂಡು ತಾನ ಬಳಸೋ ಸಾಮಾನು ವಾಣಿಜ್ಯ ಉದ್ದೇಶದ ಲೆಕ್ಕಕ್ಕ ಬರಂಗಿಲ್ಲ. ಹೊಲಿಗಿ ಮಷಿನ್ ತಗೊಂಡ ಟೇಲರ್ ಅಕ್ಕಾರು, ಹಿಟ್ಟಿನ ಗಿರಣಿ ಹಾಕ್ಕೊಂಡು ತಾವ ನಡಸೋರು, ನನ್ನಂಥಾ ರೊಟ್ಟಿ ಮಾಡೋರು, ನಾವೂ ಗ್ರಾಹಕರ. ಈ ಸಾಲು ಗೊತ್ತಿರಲಿಲ್ಲಂದ್ರ ನಾ 1,340 ಬಿಟ್ಟು ಸುಮ್ನಾಗ್ತಿದ್ನಿ. ಕಲಂ ನಂಬರ್ ಹಾಕಿ, ಮನ್ಯಾಗ ನಾವ ಮಾಡೋದು, ಜಿಎಸ್‌ಟಿ ನಂಬರೂ ಇಲ್ಲ, ಇದ ನಮ್ಮ ಜೀವನ ಅಂತ ವಾಪಸ್ ಬರದ್ನಿ.

ಉತ್ತರ ಬರಲಿಲ್ಲ. 14ನೇ ತಾರೀಖಿಗೆ 1915 ನಂಬರಿಗೆ ಫೋನ್ ಹಚ್ಚಿದ್ನಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಮುಂಜಾನೆ 8ರಿಂದ ರಾತ್ರಿ 8ರ ತನಕ, ಕನ್ನಡದಾಗ ಮಾತಾಡ್ಬಹುದು. ಅವರು ಕೋರ್ಟ್ ಅಲ್ಲ, ಹುಕುಂ ಮಾಡಾಕ ಬರಂಗಿಲ್ಲ, ನಮ್ಮ ದೂರು ಕಂಪನಿಗೆ ಕಳಿಸಿ ಉತ್ತರ ಕೇಳ್ತಾರ. ನಾ ಟಿಕೆಟ್ ನಂಬರ್, ತಾರೀಖು ಎಲ್ಲಾ ನೋಟ್‌ಬುಕ್ ನೋಡಿ ಹೇಳಿದ್ನಿ, ಆ ಕಡೆ ಅಕ್ಕಾರು ಶಾಂತ ಬರ್ಕೊಂಡ್ರು. ಮುಂದಿನ ತಯಾರಿನೂ ಮಾಡಿದ್ನಿ. ಇಲ್ಲೇ ಧಾರವಾಡದಾಗ ಜಿಲ್ಲಾ ಗ್ರಾಹಕರ ಆಯೋಗ ಐತಿ, ಕಂಪನಿ ಆಫೀಸ್ ಎಲ್ಲೇ ಇರ್ಲಿ ನಾವು ಇರೋ ಊರಾಗ ಕೇಸ್ ಹಾಕಬಹುದು, ಸಾಮಾನಿಗೆ ಕೊಟ್ಟ ದುಡ್ಡು 5 ಲಕ್ಷದ ತನಕ ಇದ್ರ ಫೀ ಇಲ್ಲ, ಎರಡು ವರ್ಷದೊಳಗ ಹಾಕಬೇಕು, ಈಗ ಇ-ಜಾಗೃತಿ ಪೋರ್ಟಲ್‌ನ್ಯಾಗ ಮನ್ಯಾಗ ಕುಂತೂ ಹಾಕಬಹುದು. ಹಾಕೋದು ಬೀಳಲಿಲ್ಲ. 29ಕ್ಕ ಪೂರಾ 11,800 ಖಾತೆಗೆ ಬಂತು. ಜಿಪಿಎಸ್ ಲೊಕೇಶನ್ ಕಡೀಗೂ ಕೊಡಲಿಲ್ಲ.

ಆದ್ರ ದೀಪಾವಳಿ ಮುಗದಿತ್ತು. ಆ ಹಬ್ಬದ ಆರ್ಡರ್ ಎಲ್ಲಾ ನಮ್ಮ ಅತ್ತಿ, 64 ವರ್ಷದವರು, ರಾತ್ರಿ ಹನ್ನೊಂದರ ತನಕ ಕುಂತು ಹಳೇ ಮಷಿನ್‌ನ್ಯಾಗ ಒಂದೊಂದ ಪಾಕೀಟು ಒತ್ಯಾರ. ಅದನ್ನ ಯಾರೂ ರೀಫಂಡ್ ಮಾಡಂಗಿಲ್ಲ.

ಎರಡನೇ ಸಲ ದಾರಿ ಬದಲು ಮಾಡಿದ್ನಿ. ನಮ್ಮ ಕಡಿ ಮಂದಿಗೆ ಲಾರಿ ಟ್ರಾನ್ಸ್‌ಪೋರ್ಟ್ ಹೊಸದಲ್ಲ, ವಿಆರ್‌ಎಲ್ ಲಾರಿ ಕಂಪನಿ 1976ರಾಗ ಒಂದು ಲಾರಿಲೆ ಗದಗಿನ್ಯಾಗ ಶುರುವಾದದ್ದು, ನಮ್ಮ ಮಾವ ಅಂಗಡಿ ಮಾಲು ಹಿಂಗ ತರಸ್ತಿದ್ರು. ಮಷಿನ್ ಮಾರೋರಿಗೆ ನೇರ ಫೋನ್ ಮಾಡಿ, ಮನಿ ಡೆಲಿವರಿ ಬ್ಯಾಡ, ಟ್ರಾನ್ಸ್‌ಪೋರ್ಟ್‌ಗೆ ಹಾಕಿ ಗೋಡೌನ್ ಡೆಲಿವರಿ ಮಾಡ್ರಿ ಅಂದ್ನಿ. ಎಲ್‌ಆರ್ ಅಂದ್ರ ಲಾರಿಗೆ ಮಾಲು ಹಾಕಿದ ರಸೀದಿ, ಅದರ ಫೋಟೋ ವಾಟ್ಸಾಪ್‌ನ್ಯಾಗ ಬಂತು, ಐದನೇ ದಿನ ಗೋಡೌನ್‌ದಿಂದ ಫೋನ್ ಬಂತು, ಎಲ್‌ಆರ್ ತೋರಿಸಿ, ಅಲ್ಲೇ ವಿಡಿಯೋ ಮಾಡ್ಕೋತ ಡಬ್ಬಿ ತಗದು ನೋಡಿ, ಟಂಟಂದಾಗ (ಮೂರು ಗಾಲಿ ಗಾಡಿ) ಹಾಕ್ಕೊಂಡು ಬಂದ್ನಿ. ಟಂಟಂಗೆ 200 ರೂಪಾಯಿ ಆತು. ಭಾರೀ ಸಾಮಾನು ತರಸೋರಿಗೆ ನಾ ಇದನ್ನ ಹೇಳ್ತೀನಿ, 10 ಕೇಜಿ ದಾಟಿದ್ರ ಆ್ಯಪ್‌ನ ‘ನಾಳೆ ಬರ್ತೈತಿ’ ನಂಬಬ್ಯಾಡ್ರಿ.

ಸಣ್ಣ ಸಾಮಾನು ಈಗೂ ಆ್ಯಪ್‌ನ್ಯಾಗ ತರಸ್ತೀನಿ. ಅಡ್ರೆಸ್ ಮಾತ್ರ ತಿದ್ದೀನಿ: ಹೊಸಯಲ್ಲಾಪುರ ಕೂಡಿಸಿ ಒಂದ ಶಬ್ದ, ಅದರ ಮೊದಲ ಧಾರವಾಡ ಅಂತ, ಗುಡಿ ಹೆಸರು, ಮನಿ ಬಣ್ಣ, ಮ್ಯಾಪ್‌ನ್ಯಾಗ ಗುರುತು ಬಾಗಲಾದ ಮ್ಯಾಲ ಸರಿಯಾಗಿ ಬೀಳೂಹಂಗ. ಒಟಿಪಿ ಪಾರ್ಸಲ್ ಕೈಗೆ ಬರೂತನಕ ಫೋನಿನ್ಯಾಗ ಯಾರಿಗೂ ಹೇಳಂಗಿಲ್ಲ.

ಮತ್ತ ಆ ಕಂಪನಿಗೆ ಇನ್ನೊಂದು ಮೇಲ್ ಬರದೀನಿ, ದುಡ್ಡಿಗಲ್ಲ. ನಿಮ್ಮ ಹುಡುಗರ ಫೋನಿನ್ಯಾಗ ‘ಭಾರ ಐತಿ, ವ್ಯಾನ್ ಬೇಕು’ ಅಂತ ಒಂದು ಕಾರಣ ಸೇರಸ್ರಿ ಅಂತ. ಟಿಕೆಟ್ ನಂಬರ್ ಕೊಟ್ಟಾರ, ನೋಟ್‌ಬುಕ್ಕಿನ್ಯಾಗ ಬರದಿಟ್ಟೀನಿ. ತಿಂಗಳು ತುಂಬಿದ ಮರುದಿನ ಮತ್ತ ಕೇಳ್ತೀನಿ.