ಸೈಕಲ್ ಬಳಗ ಕಟ್ಟುವುದು ಹೇಗೆ? ರಸ್ತೆಯಲ್ಲಿ ಜಾಗ ಕೇಳುವುದು ಹೇಗೆ?

ಸೈಕಲ್ ತುಳಿಯುವವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಒಬ್ಬರಿಗೊಬ್ಬರ ಪರಿಚಯವಿಲ್ಲ. ಹಿಂದಿನಿಂದ ಹಾರ್ನ್ ಕೇಳಿದರೆ ಪಕ್ಕಕ್ಕೆ ಸರಿಯುತ್ತಾರೆ. ಇನ್ನೊಂದು ಹಾರ್ನ್‌ಗೆ ಇನ್ನಷ್ಟು ಸರಿಯುತ್ತಾರೆ. ಕೊನೆಗೆ ಚರಂಡಿಯ ಅಂಚಿಗೆ ಬಂದುಬಿಡುತ್ತಾರೆ. ಈ ರಸ್ತೆ ನಮಗೂ ಸೇರಿದ್ದು ಅಂತ ಒಬ್ಬರೇ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ. ಅದಕ್ಕೊಂದು ಬಳಗ ಬೇಕು.

ಬಳಗಕ್ಕೆ ಇನ್ನೊಂದು ಕಾರಣವೂ ಇದೆ. ಸವಾರರು ಹೆಚ್ಚಾದಷ್ಟೂ ಒಬ್ಬೊಬ್ಬರ ಅಪಾಯ ಕಡಿಮೆಯಾಗುತ್ತದೆ. ಪೀಟರ್ ಜೇಕಬ್‌ಸನ್ ಎಂಬ ಸಂಶೋಧಕರು ಬೇರೆ ಬೇರೆ ಊರು, ದೇಶಗಳ ಅಂಕಿಗಳನ್ನು ಹೋಲಿಸಿ 2003ರಲ್ಲಿ ಇದನ್ನು ತೋರಿಸಿದರು. ಅವರ ಲೆಕ್ಕದ ಪ್ರಕಾರ ಸವಾರರ ಸಂಖ್ಯೆ ಎರಡು ಪಟ್ಟಾದರೆ, ಒಬ್ಬ ಸವಾರನಿಗೆ ಪೆಟ್ಟಾಗುವ ಸಾಧ್ಯತೆ ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ. ದಿನಾ ಸೈಕಲ್ ನೋಡುವ ಡ್ರೈವರ್, ತಿರುವಿನಲ್ಲಿ ಸೈಕಲ್ ಇರಬಹುದು ಅಂತ ನೋಡಿಯೇ ತಿರುಗಿಸುತ್ತಾನೆ.

ಮೊದಲು ಜನರನ್ನು ಹುಡುಕಿ

ಸೈಕಲ್ ಗುಂಪು ಅಂದರೆ ರಜಾದಿನ ಬೆಳಗ್ಗೆ ದೂರದ ರೈಡ್ ಹೋಗುವವರು ಎಂದೇ ಹಲವರ ಎಣಿಕೆ. ಅವರು ಖಂಡಿತ ಬೇಕು, ಉತ್ಸಾಹ ಅವರಲ್ಲೇ ಜಾಸ್ತಿ. ಆದರೆ ದಿನಾ ಕೆಲಸಕ್ಕೆ ತುಳಿಯುವವರು, ಶಾಲೆಗೆ ಹೋಗುವ ಮಕ್ಕಳು, ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವವರು, ಕ್ಯಾರಿಯರ್ ಮೇಲೆ ಸಾಮಾನು ಕಟ್ಟಿಕೊಂಡು ಮನೆಮನೆಗೆ ತಲುಪಿಸುವವರು ಆ ಗುಂಪಿನಲ್ಲಿ ಸಿಗುವುದಿಲ್ಲ. ಅವರಿಗೆ ಸೈಕಲ್ ಬಿಟ್ಟರೆ ಬೇರೆ ದಾರಿಯಿಲ್ಲ, ಹಾಗಾಗಿ ಅತಿ ಕೆಟ್ಟ ರಸ್ತೆಯಲ್ಲೂ, ಅತಿ ಕತ್ತಲಲ್ಲೂ ಹೋಗುತ್ತಾರೆ. ಇವರಿಲ್ಲದ ಬಳಗ ಸೈಕಲ್ ಸವಾರರ ಪರವಾಗಿ ಮಾತಾಡಲು ಆಗದು ಎಂಬುದು ನನ್ನ ಗಟ್ಟಿ ನಂಬಿಕೆ.

ಇವರು ನಿಮ್ಮ ಸಭೆಗೆ ಬರಲಿ ಅಂತ ಕಾಯಬೇಡಿ, ನೀವೇ ಹೋಗಿ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ, ಪಾಳಿ ಬದಲಾಗುವಾಗ ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನಲ್ಲಿ, ಪಂಕ್ಚರ್ ಹಾಕುವವರ ಹತ್ತಿರ ನಿಲ್ಲಿ. ಮೂರೇ ಪ್ರಶ್ನೆ ಕೇಳಿ: ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ? ಎಲ್ಲಿ ಭಯವಾಗುತ್ತದೆ? ಎಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತೀರಿ? ಉತ್ತರಗಳನ್ನು ಊರಿನ ನಕ್ಷೆಯ ಮೇಲೆ ಗುರುತು ಹಾಕಿ. ಕೆಲವೇ ದಿನಗಳಲ್ಲಿ ಒಂದೆರಡು ಕಡೆ ಗುರುತುಗಳು ಒತ್ತೊತ್ತಾಗಿ ಸೇರುತ್ತವೆ. ಮುಂದಿನ ಕೆಲಸ ಅಲ್ಲೇ ಇದೆ.

ಸೈಕಲ್ ಇದ್ದೂ ರಸ್ತೆಗೆ ಇಳಿಯದವರನ್ನೂ ಮಾತಾಡಿಸಿ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರಾಡಳಿತದಲ್ಲಿ ಸೈಕಲ್ ವಿಷಯ ನೋಡಿಕೊಳ್ಳುತ್ತಿದ್ದ ರೋಜರ್ ಗೆಲ್ಲರ್ 2006ರಲ್ಲಿ ತಮ್ಮ ಊರಿನ ಜನರನ್ನು ನಾಲ್ಕು ಗುಂಪು ಮಾಡಿ ನೋಡಿದರು. ಎಂಥ ರಸ್ತೆಯಲ್ಲೂ ಧೈರ್ಯವಾಗಿ ತುಳಿಯುವವರು ನೂರಕ್ಕೆ ಒಬ್ಬರೂ ಇಲ್ಲ. ಆಸೆ ಇದೆ, ಆದರೆ ಭಯ ಅನ್ನುವವರು ಸುಮಾರು 60. ನೀವು ಜಾಗ ಕೇಳುವುದು ಈ 60 ಜನರಿಗೂ ಸೇರಿಸಿ.

ಯಾರನ್ನೂ ಹಿಂದೆ ಬಿಡದ ರೈಡ್

ಸಭೆಯಿಂದ ಶುರು ಮಾಡಬೇಡಿ, ರೈಡ್‌ನಿಂದ ಶುರು ಮಾಡಿ. ಜೊತೆಯಲ್ಲಿ ತುಳಿದವರು ಬೇಗ ಸ್ನೇಹಿತರಾಗುತ್ತಾರೆ. ಮೊದಲ ರೈಡ್ ಆರೇಳು ಕಿಲೋಮೀಟರ್ ಸಾಕು. ವೇಗ ಗಂಟೆಗೆ 12ರಿಂದ 15 ಕಿ.ಮೀ. ದಾಟದಿರಲಿ. ಎಲ್ಲರಿಗಿಂತ ನಿಧಾನವಾಗಿ ತುಳಿಯುವವರ ವೇಗವೇ ಗುಂಪಿನ ವೇಗ. ಇದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ. ಗೇರ್ ಸೈಕಲ್ಲೇ ಆಗಬೇಕು, ಬಿಗಿ ಬಟ್ಟೆಯೇ ಹಾಕಬೇಕು ಅಂತ ಯಾರಿಗೂ ಅನ್ನಿಸಬಾರದು.

ಮುಂದೆ ದಾರಿ ಗೊತ್ತಿರುವ ಒಬ್ಬರು, ಕೊನೆಯಲ್ಲಿ ಪಂಪ್ ಮತ್ತು ಪ್ಯಾಚ್ ಇರುವ ಒಬ್ಬರು ಇರಲಿ. ಕೊನೆಯವರನ್ನು ಯಾರೂ ಬಿಟ್ಟು ಹೋಗಬಾರದು. ಹದಿನೈದು ಜನ ದಾಟಿದರೆ ಎರಡು ಗುಂಪು ಮಾಡಿ, ನಡುವೆ ಅಂತರ ಬಿಡಿ. ತಿರುವಿಗೆ ಮುಂಚೆ ಕೈ ತೋರಿಸಿ. ಗುಂಡಿ, ಗಾಜಿನ ಚೂರು ಕಂಡರೆ ಕೂಗಿ ಹೇಳಿ, ಅದು ಹಿಂದಿನವರೆಗೂ ದಾಟಲಿ. ನಿಂತ ಕಾರುಗಳ ಪಕ್ಕದಲ್ಲಿ ಕಡಿಮೆ ಅಂದರೂ ಒಂದು ಮೀಟರ್ ದೂರದಲ್ಲಿ ಹೋಗಿ, ಯಾವ ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಾಗದು. ಲಾರಿ, ಬಸ್ಸು ತಿರುಗುವಾಗ ಅದರ ಒಳಮಗ್ಗುಲಿಗೆ ಎಂದೂ ನುಗ್ಗಬೇಡಿ. ಅಲ್ಲಿರುವ ಸವಾರ ಡ್ರೈವರ್‌ಗೆ ಕಾಣುವುದೇ ಇಲ್ಲ. ಹೊಸಬರಿಗೆ ಇದನ್ನು ನಿಂತ ಲಾರಿಯಲ್ಲಿ ಕೂರಿಸಿ ತೋರಿಸಿ. ಡ್ರೈವರ್ ಸೀಟಿನಲ್ಲಿ ಕೂತು ಪಕ್ಕದ ಸೈಕಲ್ ಮಾಯವಾಗುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಹೊರಡುವ ಮುಂಚೆ ಎರಡು ನಿಮಿಷ ಸೈಕಲ್ ಪರೀಕ್ಷೆ ಆಗಲಿ. ಇಂಗ್ಲಿಷಿನ ಎಂ ಅಕ್ಷರ ಬರೆದಂತೆ ಕೈಯಾಡಿಸಿ: ಮುಂದಿನ ಚಕ್ರ, ಅಲ್ಲಿಂದ ಮೇಲಕ್ಕೆ ಬ್ರೇಕ್ ಮತ್ತು ಹ್ಯಾಂಡಲ್, ಕೆಳಕ್ಕೆ ಪೆಡಲ್ ಮತ್ತು ಚೈನ್, ಮತ್ತೆ ಮೇಲಕ್ಕೆ ಸೀಟು, ಕೊನೆಗೆ ಹಿಂದಿನ ಚಕ್ರ. ತಿಂಗಳಿಗೊಮ್ಮೆ ಎಲ್ಲರೂ ಕೂತು ಪಂಕ್ಚರ್ ಹಾಕುವುದು, ಬ್ರೇಕ್ ಬಿಗಿ ಮಾಡುವುದು ಕಲಿತರೆ ಇನ್ನೂ ಒಳ್ಳೆಯದು. ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಎಷ್ಟೋ ಸೈಕಲ್‌ಗಳು ಹೀಗೆ ಮತ್ತೆ ರಸ್ತೆಗೆ ಬರುತ್ತವೆ.

ಮಕ್ಕಳಿಗಾಗಿ ಒಂದು ಸೊಗಸಾದ ದಾರಿಯಿದೆ, ಸೈಕಲ್ ಬಸ್. ಅಂದರೆ ಮಕ್ಕಳು ಗುಂಪಾಗಿ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುವುದು. ಬಾರ್ಸಿಲೋನಾದಲ್ಲಿ 2021ರಲ್ಲಿ ಶುರುವಾದ ಇಂಥ ಬಸ್ಸಿನ ಸುದ್ದಿ ಎಲ್ಲ ಕಡೆ ಹರಡಿತು. ಗೊತ್ತಾದ ದಾರಿ, ಗೊತ್ತಾದ ನಿಲ್ದಾಣ, ಗೊತ್ತಾದ ಸಮಯ. ಮುಂದೆ ಹಿಂದೆ ದೊಡ್ಡವರು, ನಡುವೆ ಮಕ್ಕಳು. ನಿಲ್ದಾಣದಿಂದ ನಿಲ್ದಾಣಕ್ಕೆ ಮಕ್ಕಳು ಸೇರಿಕೊಳ್ಳುತ್ತಾ ಶಾಲೆ ತಲುಪುತ್ತಾರೆ. ವಾರಕ್ಕೆ ಒಂದು ದಿನ ಮಾಡಿದರೂ ಸಾಕು. ಅಪ್ಪ ಅಮ್ಮಂದಿರು ಬಳಗಕ್ಕೆ ತಾವಾಗಿಯೇ ಬರುತ್ತಾರೆ, ಮತ್ತೆ ಬಿಟ್ಟು ಹೋಗುವುದಿಲ್ಲ.

ನಿಯಮ ಓದಿಕೊಳ್ಳಿ

ನಿಮ್ಮ ಊರಿಗೆ ಅನ್ವಯಿಸುವ ಸಂಚಾರ ಕಾನೂನನ್ನು ಬಳಗದಲ್ಲಿ ಇಬ್ಬರಾದರೂ ಪೂರ್ತಿ ಓದಿರಬೇಕು. ವಿಯೆನ್ನಾದಲ್ಲಿ 1968ರಲ್ಲಿ ಆದ ರಸ್ತೆ ಸಂಚಾರದ ಅಂತರರಾಷ್ಟ್ರೀಯ ಒಪ್ಪಂದ ಸೈಕಲ್ಲನ್ನು ವಾಹನ ಅಂತಲೇ ಕರೆಯುತ್ತದೆ. ಅದೇ ಒಪ್ಪಂದ ಸೈಕಲ್‌ಗೆ ಬ್ರೇಕ್, ಬೆಲ್, ಹಿಂದೆ ಕೆಂಪು ರಿಫ್ಲೆಕ್ಟರ್, ಮುಂದೆ ಹಿಂದೆ ದೀಪದ ಏರ್ಪಾಡು ಇರಬೇಕು ಅಂತಲೂ ಹೇಳುತ್ತದೆ. ಹಕ್ಕು ಕೇಳುವವರ ಸೈಕಲ್‌ನಲ್ಲಿ ದೀಪವೇ ಇಲ್ಲದಿದ್ದರೆ ಮಾತು ಅಲ್ಲೇ ಮುಗಿಯುತ್ತದೆ, ಅಲ್ವಾ? ಸಿಗ್ನಲ್ ಹಾರುವುದೂ ಬೇಡ, ಎದುರು ದಿಕ್ಕಿನಲ್ಲಿ ಬರುವುದೂ ಬೇಡ.

ಓವರ್‌ಟೇಕ್ ಮಾಡುವಾಗ ಬಿಡಬೇಕಾದ ಅಂತರವನ್ನು ಹಲವು ಕಡೆ ಕಾನೂನೇ ಅಳತೆ ಸಮೇತ ಹೇಳುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1973ರಲ್ಲೇ 3 ಅಡಿ ಅಂತ ಬರೆಯಿತು. ಜರ್ಮನಿಯಲ್ಲಿ 2020ರಿಂದ ಊರೊಳಗೆ 1.5 ಮೀಟರ್, ಊರ ಹೊರಗೆ 2 ಮೀಟರ್. ನಿಮ್ಮಲ್ಲಿ ಇಂಥ ನಿಯಮ ಇದ್ದರೆ ಅದನ್ನು ದೊಡ್ಡದಾಗಿ ಬರೆದು ಹಂಚಿ. ಇಲ್ಲದಿದ್ದರೆ ಅದೂ ಒಂದು ಬೇಡಿಕೆ.

ಎಣಿಸಿ, ಅಳೆಯಿರಿ

ಇಲ್ಲಿ ಸೈಕಲ್ ತುಳಿಯುವವರೇ ಇಲ್ಲವಲ್ಲ ಅನ್ನುವ ಮಾತು ಪ್ರತಿ ಕಚೇರಿಯಲ್ಲೂ ಬರುತ್ತದೆ. ಅದಕ್ಕೆ ಉತ್ತರ ಎಣಿಕೆ. ಗುರುತು ಹಾಕಿದ ರಸ್ತೆಯಲ್ಲಿ, ಕೆಲಸದ ದಿನ, ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನಿಲ್ಲಿ. ಹದಿನೈದು ನಿಮಿಷಕ್ಕೊಂದು ಸಾಲು ಹಾಕಿ ಬರೆಯಿರಿ. ಹೆಂಗಸರು ಎಷ್ಟು, ಮಕ್ಕಳು ಎಷ್ಟು, ಫುಟ್‌ಪಾತ್ ಮೇಲೆ ಹೋದವರು ಎಷ್ಟು, ಇಳಿದು ತಳ್ಳಿದವರು ಎಷ್ಟು ಅಂತ ಬೇರೆ ಬೇರೆ ಬರೆಯಿರಿ. ಹೆಂಗಸರು, ಮಕ್ಕಳು ತೀರಾ ಕಡಿಮೆ ಇದ್ದರೆ ಆ ರಸ್ತೆಗೆ ಜನ ಹೆದರುತ್ತಿದ್ದಾರೆ ಅಂತಲೇ ತಿಳಿಯಬೇಕು. ಸೈಕಲ್ ಕಡಿಮೆ ಇರುವುದು ಜಾಗ ಕೊಡದಿರಲು ಕಾರಣವಾಗಬಾರದು. ಸೇತುವೆ ಬೇಕೋ ಬೇಡವೋ ಅಂತ ಹೊಳೆ ಈಜಿ ದಾಟುವವರನ್ನು ಎಣಿಸಿ ಯಾರೂ ತೀರ್ಮಾನಿಸುವುದಿಲ್ಲವಲ್ಲ.

ಟೇಪ್ ಹಿಡಿದು ರಸ್ತೆಯ ಅಗಲವನ್ನೂ ಅಳೆಯಿರಿ. ಎಷ್ಟು ಜಾಗ ಓಡಾಟಕ್ಕೆ, ಎಷ್ಟು ಜಾಗ ನಿಂತ ವಾಹನಕ್ಕೆ ಹೋಗಿದೆ ಅಂತ ಒಂದು ಚಿತ್ರ ಬರೆದರೆ ನೂರು ಮಾತು ಉಳಿಯುತ್ತದೆ.

ಒಂದು ರಸ್ತೆ, ಒಂದು ಬೇಡಿಕೆ

ಊರೆಲ್ಲ ಸೈಕಲ್ ಪಥ ಮಾಡಿ ಅಂತ ಕೇಳಿದರೆ ಯಾವ ಅಧಿಕಾರಿಯೂ ಇವತ್ತೇ ಏನೂ ಮಾಡಲಾರರು. ಮೊದಲ ಬೇಡಿಕೆ ಚಿಕ್ಕದಿರಲಿ, ಕಣ್ಣಿಗೆ ಕಾಣುವಂತಿರಲಿ. ಚರಂಡಿ ಮುಚ್ಚುವ ಕಬ್ಬಿಣದ ಜಾಲರಿಯನ್ನೇ ನೋಡಿ. ಅದರ ಸರಳುಗಳು ರಸ್ತೆಯುದ್ದಕ್ಕೆ ಇದ್ದರೆ ಸೈಕಲ್ ಚಕ್ರ ನಡುವೆ ಸಿಕ್ಕಿಕೊಂಡು ಸವಾರ ಮುಗ್ಗರಿಸಿ ಬೀಳುತ್ತಾನೆ. ಅದನ್ನು ಅಡ್ಡಕ್ಕೆ ತಿರುಗಿಸಿ ಕೂರಿಸಿದರೆ ಅಥವಾ ಅಡ್ಡ ಪಟ್ಟಿ ಬೆಸೆದರೆ ಸಮಸ್ಯೆಯೇ ಇಲ್ಲ. ಹೆಚ್ಚು ಖರ್ಚಿಲ್ಲ, ಯಾರ ವಿರೋಧವೂ ಇಲ್ಲ. ಇಂಥ ಒಂದು ಕೆಲಸ ಆದರೆ ಬಳಗಕ್ಕೆ ನಂಬಿಕೆ ಬರುತ್ತದೆ, ಅಧಿಕಾರಿಗೂ ನಿಮ್ಮ ಮೇಲೆ ನಂಬಿಕೆ ಬರುತ್ತದೆ. ಆಮೇಲೆ ದೊಡ್ಡದನ್ನು ಕೇಳಿ: ಬೇರೆ ವಾಹನ ನುಗ್ಗದಂತೆ ಅಂಚಿಗೆ ಗಟ್ಟೆ ಇರುವ ಸೈಕಲ್ ಲೇನ್, ವೇಗದ ಮಿತಿ, ಕೂಡುರಸ್ತೆಯಲ್ಲಿ ಸೈಕಲ್‌ಗೆ ಬೇರೆ ಸಿಗ್ನಲ್.

ಮನವಿ ಒಂದೇ ಪುಟದಲ್ಲಿ ಮುಗಿಯಲಿ. ಎಲ್ಲಿ, ಏನು ತೊಂದರೆ, ದಿನಾ ಎಷ್ಟು ಜನರಿಗೆ, ಏನು ಮಾಡಬೇಕು, ಇಷ್ಟೇ. ಜೊತೆಗೆ ಎರಡು ಫೋಟೊ, ಒಂದು ನಕ್ಷೆ, ಎಣಿಕೆಯ ಹಾಳೆ. ಆ ರಸ್ತೆ ಯಾರ ಕೈಯಲ್ಲಿದೆ ಅಂತ ಮೊದಲು ವಿಚಾರಿಸಿ. ಒಂದೇ ಊರಲ್ಲಿ ಒಂದು ರಸ್ತೆ ಒಂದು ಇಲಾಖೆಯದ್ದು, ಪಕ್ಕದ್ದು ಇನ್ನೊಂದರದ್ದು. ತಪ್ಪಾದ ಮೇಜಿಗೆ ಹೋದ ಮನವಿ ಅಲ್ಲೇ ಮಲಗುತ್ತದೆ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ, ದಿನಾಂಕ ಬರೆದಿಡಿ, ಉತ್ತರ ಕೇಳಲು ಯಾವ ದಿನ ಬರಲಿ ಅಂತ ಅಲ್ಲೇ ಕೇಳಿ. ಆ ದಿನ ತಪ್ಪದೆ ಹೋಗಿ. ಅಧಿಕಾರಿಯನ್ನು ಸ್ಥಳಕ್ಕೆ ಕರೆಯಿರಿ, ಸಾಧ್ಯವಾದರೆ ಸೈಕಲ್ ಹತ್ತಿಸಿ.

ಸಮಯವೂ ಮುಖ್ಯ. ಬಜೆಟ್‌ಗೆ ಕೆಲಸಗಳ ಪಟ್ಟಿ ತಯಾರಾಗುವ ಮುಂಚೆ ಕೇಳಬೇಕು, ಆಮೇಲೆ ಕೇಳಿದರೆ ಒಂದು ವರ್ಷ ಹೋಯಿತು. ರಸ್ತೆಗೆ ಹೊಸ ಡಾಂಬರು ಹಾಕುವ ಸುದ್ದಿ ಸಿಕ್ಕರೆ ಕೂಡಲೇ ಓಡಿ. ಹೇಗೂ ಗೆರೆಗಳನ್ನು ಹೊಸದಾಗಿ ಎಳೆಯಬೇಕು, ಆಗ ಸೈಕಲ್‌ಗೂ ಜಾಗ ಬಿಡಿಸುವುದು ಸುಲಭ.

ವೇಗ ಇಳಿಸಿ ಅಂತ ಕೇಳುವಾಗ ಈ ಲೆಕ್ಕ ಕೈಯಲ್ಲಿರಲಿ. ಗಂಟೆಗೆ 50 ಕಿ.ಮೀ. ವೇಗದ ಕಾರಿನ ಹೊಡೆತದ ಶಕ್ತಿ, ಅದೇ ಕಾರು 30 ಕಿ.ಮೀ. ವೇಗದಲ್ಲಿ ಇರುವಾಗಿನದಕ್ಕಿಂತ ಸುಮಾರು 2.8 ಪಟ್ಟು. ಬರೀ 20 ಕಿ.ಮೀ. ವ್ಯತ್ಯಾಸ ಒಂದು ಜೀವ ಉಳಿಸಬಲ್ಲದು.

ವಿರೋಧಿಸುವವರ ಜೊತೆ ಕೂತು ಮಾತಾಡಿ

ಗಿರಾಕಿಗಳ ಗಾಡಿ ನಿಲ್ಲಿಸಲು ಜಾಗ ಹೋಗುತ್ತದೆ ಅಂತ ಅಂಗಡಿಯವರು ಹೆದರುತ್ತಾರೆ. ಅದು ಅವರ ಅನ್ನದ ಪ್ರಶ್ನೆ, ಹಗುರವಾಗಿ ಕಾಣಬೇಡಿ. ಅವರ ಒಪ್ಪಿಗೆ ಪಡೆದು, ಗಿರಾಕಿಗಳು ಹೇಗೆ ಬರುತ್ತಾರೆ ಅಂತ ಒಂದು ದಿನ ಅಂಗಡಿ ಮುಂದೆಯೇ ಎಣಿಸಿ. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ ಅಂತ ಜಾಗ ಅಳೆದು ತೋರಿಸಿ. ಇನ್ನೊಂದು ಮಾತು: ನಡೆಯುವವರ ಫುಟ್‌ಪಾತ್‌ನಲ್ಲಿ ಸೈಕಲ್‌ಗೆ ಪಾಲು ಕೇಳಬೇಡಿ. ನಡೆಯುವವರು, ಗಾಲಿಕುರ್ಚಿಯವರು, ಮುದುಕರು ನಿಮ್ಮ ಜೊತೆಗಾರರು. ಅವರ ಜಾಗ ಕಿತ್ತುಕೊಂಡು ಗೆಲ್ಲುವುದು ಸರಿಯಲ್ಲ.

ಬೀದಿಗೆ ಬರಬೇಕಾದಾಗ

ಮನವಿಗೆ ಉತ್ತರವೇ ಬರದಿದ್ದರೆ ಎಲ್ಲರಿಗೂ ಕಾಣುವಂತೆ ಒಟ್ಟಾಗಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೆಪ್ಟೆಂಬರ್ 1992ರಲ್ಲಿ ಶುರುವಾದ ಕ್ರಿಟಿಕಲ್ ಮಾಸ್ ರೈಡ್ ಬಹಳ ಊರುಗಳಿಗೆ ಹಬ್ಬಿತು. ತಿಂಗಳ ಕೊನೆಯ ಶುಕ್ರವಾರ ಸಂಜೆ ಸವಾರರೆಲ್ಲ ಒಟ್ಟಿಗೆ ರಸ್ತೆ ತುಂಬಿ ಹೋಗುತ್ತಾರೆ. ನನಗೆ ಇದಕ್ಕಿಂತ ಕೊಲಂಬಿಯಾ ದೇಶದ ಬೊಗೋಟಾ ನಗರದ ದಾರಿ ಹೆಚ್ಚು ಹಿಡಿಸುತ್ತದೆ. ಅಲ್ಲಿ 1974ರಲ್ಲಿ ಶುರುವಾದ ಸಿಕ್ಲೋವಿಯಾದಲ್ಲಿ ಭಾನುವಾರ ಮತ್ತು ರಜಾದಿನ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಮುಖ್ಯ ರಸ್ತೆಗಳಲ್ಲಿ ಕಾರುಗಳಿಗೆ ಪ್ರವೇಶವಿಲ್ಲ. ಈಗ ಅದರ ಉದ್ದ 120 ಕಿ.ಮೀ. ದಾಟಿದೆ. ವಿರೋಧಿಸುವವರೂ ಮಕ್ಕಳನ್ನು ಕರೆದುಕೊಂಡು ಬರಬಹುದಾದ ಜಾಗ ಅದು. ನೀವು ಒಂದು ಬೀದಿಯನ್ನು, ಒಂದು ಬೆಳಗ್ಗೆಗೆ ಕೇಳಿ ನೋಡಿ. ಜೂನ್ 3 ವಿಶ್ವ ಸೈಕಲ್ ದಿನ, ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿದ್ದು. ಅನುಮತಿ ಕೇಳಲು ಅದು ಒಳ್ಳೆಯ ನೆಪ.

ನೆದರ್‌ಲ್ಯಾಂಡ್ಸ್ ಮೊದಲಿನಿಂದಲೂ ಸೈಕಲ್ ನಾಡಾಗಿಯೇ ಉಳಿದಿತ್ತು ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಕಾರುಗಳು ಹೆಚ್ಚಿ ಅಲ್ಲಿ 1971ರಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 3,300. ಅದರಲ್ಲಿ 400ಕ್ಕಿಂತ ಹೆಚ್ಚು ಮಕ್ಕಳು. ಆಗ ಹೆತ್ತವರು ಮಕ್ಕಳ ಕೊಲೆ ನಿಲ್ಲಿಸಿ ಎಂಬ ಹೆಸರಿನಲ್ಲೇ ಚಳವಳಿ ಕಟ್ಟಿದರು. ಅಪಘಾತವಾದ ಜಾಗದಲ್ಲಿ ಕೂತರು, ಬೀದಿ ಮುಚ್ಚಿ ಮಕ್ಕಳಿಗೆ ಆಡಲು ಬಿಟ್ಟರು. ಸೈಕಲ್ ಸವಾರರ ಸಂಘ 1975ರಲ್ಲಿ ಹುಟ್ಟಿತು. ಇಂದಿನ ಆ ಪಥಗಳ ಹಿಂದೆ ಅವರ ದುಃಖವೂ ಹಟವೂ ಇದೆ.

ನಿಮ್ಮ ಊರಲ್ಲೂ ಸವಾರರೊಬ್ಬರು ಸತ್ತರೆ ಮೊದಲು ಮನೆಯವರ ಬಳಿ ಹೋಗಿ. ಸತ್ತ ಜಾಗದಲ್ಲಿ ಬಿಳಿ ಬಣ್ಣದ ಸೈಕಲ್ ನಿಲ್ಲಿಸುವ ರೂಢಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 2003ರಲ್ಲಿ ಶುರುವಾಯಿತು. ಅದನ್ನು ಮಾಡುವುದಿದ್ದರೆ ಮನೆಯವರ ಒಪ್ಪಿಗೆ ಇರಲೇಬೇಕು.

ಲೇನ್ ಬಂದ ಮೇಲೆ

ಕೆಲಸ ಮುಗಿದ ದಿನವೇ ಹೋಗಿ ಅಳೆಯಿರಿ. ಕೇಳಿದಷ್ಟು ಅಗಲ ಇದೆಯಾ? ಗಾಡಿ ನಿಲ್ಲದಂತೆ ತಡೆ ಇದೆಯಾ? ಮೊದಲು ಎಣಿಸಿದ ಜಾಗದಲ್ಲೇ, ಅದೇ ಹೊತ್ತಿಗೆ ಮತ್ತೆ ಎಣಿಸಿ. ಮಾಡಿಕೊಟ್ಟ ಅಧಿಕಾರಿಗೆ ಧನ್ಯವಾದದ ಪತ್ರ ಬರೆದು ಹೊಸ ಎಣಿಕೆಯನ್ನೂ ಕಳಿಸಿ. ಬಳಗದ ಹೊಣೆಯನ್ನು ವರ್ಷಕ್ಕೊಮ್ಮೆ ಬೇರೆಯವರಿಗೆ ಕೊಡಿ, ಒಬ್ಬರ ಮೇಲೇ ನಿಂತ ಬಳಗ ಅವರು ಊರು ಬಿಟ್ಟರೆ ಮುಗಿಯುತ್ತದೆ.

ಒಂಟಿ ಲೇನ್ ಹೆಚ್ಚು ಜನರನ್ನು ತರುವುದಿಲ್ಲ ಅನ್ನುವುದೂ ನೆನಪಿರಲಿ. ಸ್ಪೇನಿನ ಸೆವಿಲ್ಲೆ ನಗರ ಕೆಲವೇ ವರ್ಷಗಳಲ್ಲಿ ಒಂದಕ್ಕೊಂದು ಕೂಡಿದ ಸುಮಾರು 80 ಕಿ.ಮೀ. ಪಥ ಹಾಕಿತು, ಸೈಕಲ್ ಓಡಾಟ ಹಲವು ಪಟ್ಟು ಏರಿತು. ಹಾಗಾಗಿ ನಿಮ್ಮ ಹೊಸ ಲೇನ್ ಎಲ್ಲಿ ಮುಗಿದು ಸವಾರರು ಮತ್ತೆ ಲಾರಿಗಳ ನಡುವೆ ಬೀಳುತ್ತಾರೋ, ಎರಡನೇ ಮನವಿ ಆ ಜಾಗಕ್ಕೇ ಇರಲಿ.