ಮಾಳಿಗೆ ಮೇಲೆ ಮೂಕಿ ಚಿತ್ರ ತೋರಿಸುವುದು ಹೀಗೆ

ಬಳ್ಳಾರಿಯ ನಮ್ಮ ಮನೆ ಮಾಳಿಗೆ ಮೇಲೆ ಬೇಸಿಗೆ ರಜೆಯಲ್ಲಿ ಓಣಿಯ ಮಕ್ಕಳಿಗೆ ಮೂಕಿ ಚಿತ್ರ ತೋರಿಸುತ್ತೇನೆ. ನೀವೂ ತೋರಿಸುವುದಾದರೆ ಜೀನ್ ಗಾಂಟಿಯರ್ ಅವರಿಂದ ಶುರು ಮಾಡಿ. ಅಮೆರಿಕದ ಕೇಲೆಮ್ ಎಂಬ ಸಿನಿಮಾ ಕಂಪನಿಯಲ್ಲಿ ನಟಿಯೂ ಆಕೆ, ಕಥೆ ಬರೆದವರೂ ಆಕೆ. 1909ರಿಂದ ಗೂಢಚಾರಿಣಿ ಹುಡುಗಿಯ ಕಥೆಗಳನ್ನು ತಾವೇ ಬರೆದು, ತಾವೇ ಆ ಪಾತ್ರ ಮಾಡಿದರು. 1912ರ ಏಸುಕ್ರಿಸ್ತನ ಚಿತ್ರಕ್ಕೆ ಕಥೆ ಬರೆದು, ಏಸುವಿನ ತಾಯಿ ಮೇರಿಯಾಗಿ ನಟಿಸಿದರು. ಅದರ ಚಿತ್ರೀಕರಣ ಈಜಿಪ್ಟ್, ಪ್ಯಾಲೆಸ್ತೀನ್‌ನಲ್ಲೇ ನಡೆಯಿತು. ನಾನು ತೋರಿಸುವುದು ಅದನ್ನೇ.

ಕತ್ತಲಾದ ಮೇಲೆ ತೆರೆಗೆ ಒಂದು ಬಿಳಿ ಪಂಚೆ ಬಿಗಿಯಾಗಿ ಕಟ್ಟಿ. ಕೆಳ ಅಂಚಿಗೆ ಇಟ್ಟಿಗೆ ಇಡಿ, ಇಲ್ಲಾಂದ್ರೆ ಗಾಳಿಗೆ ಮುಖವೆಲ್ಲ ಸೊಟ್ಟ. ಚಿತ್ರದಲ್ಲಿ ಜನ ಓಡಿದಂತೆ ಕಂಡರೆ ಪ್ಲೇಯರ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16 ಫ್ರೇಮು, ಈಗ 24.

ಮುಖ್ಯ ಕೆಲಸ ಮಾತಿನದು. ತೆರೆಯ ಮೇಲಿನ ಇಂಗ್ಲಿಷ್ ಬರಹವನ್ನು ಮೊದಲೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಬಯಲಾಟದ ಭಾಗವತರ ಹಾಗೆ ಪಕ್ಕದಲ್ಲಿ ನಿಂತು ಓದಿ. ಬರಹ ಹೋದ ಕೂಡಲೇ ಸುಮ್ನಾಗಿ. ಮೊದಲ ಸಲ ನಾನು ಉದ್ದಕ್ಕೂ ವಿವರಿಸುತ್ತಲೇ ಇದ್ದೆ. ಒಬ್ಬ ಹುಡುಗಿ ಸೆರಗು ಎಳೆದು ಹೇಳಿದಳು: “ಅಕ್ಕಾರ, ಆಕಿ ಮುಖ ನೋಡಾಕ ಬಿಡ್ರಿ.”